ಬಸುರಿ ಬಟ್ಟೆ: ಇರೋ ಚೂಡಿದಾರ ಬಿಚ್ಚಿಸೋದಾ, ಹೊಸದು ಕೊಳ್ಳೋದಾ?

ನೀಲಿಶಂಖ, ದಾವಣಗೆರೆ

ಈಗ 14 ವಾರ. ಡೇಟ್ ಏಪ್ರಿಲ್ ಕೊನೆ ವಾರಕ್ಕೆ ಕೊಟ್ಟಿದ್ದಾರೆ. ಬ್ಯಾಂಕ್ ಕೆಲಸ, ಮಾರ್ಚ್ ಕೊನೆವರೆಗೆ ಹೋಗೋದು, ಆಮೇಲೆ ಬಾಣಂತನಕ್ಕೆ ತವರಿಗೆ ಅಂತ ಲೆಕ್ಕ. ಆನ್‌ಲೈನಲ್ಲಿ ಮೆಟರ್ನಿಟಿ ಅಂತ ಹೆಸರು ಹಚ್ಚಿದ ಕುರ್ತಾ ಒಂದೊಂದೂ 1,200ರಿಂದ 1,800 ರೂಪಾಯಿ ತೋರಿಸ್ತಿದೆ. ಐದು ತಗೊಂಡ್ರೆ ಏಳೆಂಟು ಸಾವಿರ, ಹಾಕೋದು ನಾಲ್ಕು ತಿಂಗಳು. ನನ್ನ ಬಜೆಟ್ ಒಳಉಡುಪು, ನೈಟಿ ಎಲ್ಲ ಸೇರಿ 4,000.

ಬೀರುವಿನಲ್ಲಿ ಇರೋದು: ಟೈಲರ್ ಹತ್ರ ಹೊಲಿಸಿದ ಕಾಟನ್ ಚೂಡಿದಾರ ಮೂರು, ಅದರಲ್ಲಿ ಎರಡಕ್ಕೆ ಕಾಟನ್ ವೇಲ್. ರೆಡಿಮೇಡ್ ರೇಯಾನ್ ಕುರ್ತಾ ಎರಡು. ಲೆಗಿಂಗ್ಸ್ ಮೂರು, ಜೀನ್ಸ್ ಒಂದು. ಮೆತ್ತಗಾದ ಹಳೇ ಕಾಟನ್ ಸೀರೆ ನಾಲ್ಕು. ಉಡೋ ಸೀರೆಗೇನೂ ಕೊರತೆ ಇಲ್ಲ, ಬ್ಲೌಸ್‌ಗಳು ಮಾತ್ರ ಈಗಲೇ ಬಿಗಿ. ಎದೆ ಅಳತೆ 36, ಹಿಪ್ 40.

ಯಾವುದನ್ನ ಬಿಚ್ಚಿಸಿ ದೊಡ್ಡದು ಮಾಡಬಹುದು, ಯಾವುದಕ್ಕೆ ಕೈ ಹಾಕದೇ ಇರೋದು ವಾಸಿ? ಏಳನೇ ತಿಂಗಳಲ್ಲಿ ಸೀಮಂತ ಇದೆ, ರೇಷ್ಮೆ ಸೀರೆ ಬ್ಲೌಸನ್ನ ಯಾವಾಗ ಹೊಲಿಯೋಕೆ ಕೊಡೋದು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.


ಕತ್ತರಿಕೆಲಸ, ಹುಬ್ಬಳ್ಳಿ

ಅಕ್ಕಾರ, ಮೊದ್ಲು ಮೂರೂ ಚೂಡಿ ಉಲ್ಟಾ ಮಾಡಿ ಬಗಲಾಗಿನ ಹೊಲಿಗಿ ನೋಡ್ರಿ. ಟೈಲರ್ ಹೊಲಿದದ್ದಾದ್ರ ಹೊಲಿಗಿಂದಾಚೆ ಒಂದರಿಂದ ಒಂದೂವರೆ ಇಂಚು ಬಟ್ಟಿ ಬಿಟ್ಟಿರ್ತಾರ. ರೆಡಿಮೇಡಿನ್ಯಾಗ ಓವರ್‌ಲಾಕ್ ಹೊಡೆದು ಅರ್ಧ ಇಂಚು ಉಳಿಸಿದ್ರ ಅದ ಹೆಚ್ಚು. ಬಿಚ್ಚಿಸೋದೋ, ಪಟ್ಟಿ ಕೂಡಿಸೋದೋ, ಸುಮ್ಮನ ಬಿಡೋದೋ ಅನ್ನೋದು ಈ ಅಂಚಿನ ಮ್ಯಾಲೆ ನಿಂತೈತಿ.

ಬಿಚ್ಚೋ ಲೆಕ್ಕದಾಗ ಭಾಳ ಮಂದಿ ಎಡವತಾರ. ಹೊಲಿಗಿ ಒಂದಿಂಚು ಆಚೆ ಸರಿಸಿದ್ರ ಸಿಗೋದು ಎರಡಿಂಚಲ್ಲ, ನಾಕಿಂಚು. ಎಡಕ್ಕ ಮುಂದಿನ ಭಾಗ ಒಂದು, ಹಿಂದಿನ ಭಾಗ ಒಂದು, ಬಲಕ್ಕೂ ಹಂಗ. ಕಡೀಕ ಕಾಲಿಂಚು ಅಂಚು ಉಳಿಸಿ ಹೊಲೀಬೇಕು. ಅಷ್ಟೂ ಉಳಿಸದ ಹೊಲಿದ್ರ ಹೊಟ್ಟಿ ಎಳೆತಕ್ಕ ಎಳಿ ಜಾರಿ ಹೊಲಿಗಿ ಬಿಡ್ತೈತಿ, ಅದೂ ಕೌಂಟರ್‌ನ್ಯಾಗ ಕುಂತಾಗ.

ಇನ್ನೊಂದು ತಪ್ಪು ಕಂಕುಳದ್ದು. ಎದಿ ಸುತ್ತ ಬಿಚ್ಚಿದ್ರ ತೋಳಿನ ಕೆಳಹೊಲಿಗಿನೂ ಅಷ್ಟ ಬಿಚ್ಚಬೇಕು. ತೋಳಿನೊಳಗ ಅಂಚು ಇರಲಿಲ್ಲಂದ್ರ ಕಂಕುಳಕ್ಕ 3 ಇಂಚಿನ ಚೌಕ ತುಂಡು ಕೂಡಸ್ರಿ. ಬರೇ ಮೈ ಬಿಚ್ಚಿ ತೋಳು ಹಂಗ ಬಿಟ್ರ ಕಂಕುಳದಾಗ ಬಟ್ಟಿ ಗಂಟು ಕೂತು ಕೈ ಎತ್ತಾಕ ಬರಂಗಿಲ್ಲ.

ಕಡುಬಣ್ಣದ್ದಾದ್ರ ಬಿಚ್ಚೂಕಿಂತ ಮೊದ್ಲು ಅಂಚಿನ ಬಣ್ಣ ನೋಡ್ರಿ. ಒಳಗಿನ ಬಟ್ಟಿ ಬಿಸಲು ಕಂಡಿರಂಗಿಲ್ಲ, ಹೊಸದರಂಗ ಇರ್ತೈತಿ. ಬಿಚ್ಚಿದ್ಮ್ಯಾಲೆ ಎರಡೂ ಬಗಲಿಗೆ ಉದ್ದಕ ಗಾಢ ಪಟ್ಟಿ ಎದ್ದು ಕಾಣ್ತೈತಿ. ಹಳೇ ಸೂಜಿ ತೂತು ನೀರು ಚಿಮುಕಿಸಿ ಇಸ್ತ್ರಿ ಹೊಡೆದ್ರ ಮುಚ್ಚತಾವ, ಬಣ್ಣದ ವ್ಯತ್ಯಾಸ ಮಾತ್ರ ಹೋಗಂಗಿಲ್ಲ. ಅಂಥಾದ್ದಕ್ಕ ಬಿಚ್ಚೋದು ಬ್ಯಾಡ, ಪಟ್ಟಿ ಕೊಡಸ್ರಿ.

ಪಟ್ಟಿಗೆ ಬಟ್ಟಿ ಹುಡುಕಾಕ ಅಂಗಡಿಗೆ ಹೋಗಬ್ಯಾಡ್ರಿ. ನಿಮ್ಮ ಕಾಟನ್ ವೇಲ್ ಐತೆಲ್ಲ, ಅದು ಅದ ಸೆಟ್ಟಿನ ಬಣ್ಣದ್ದು, ಅಷ್ಟ ಸಲ ತೊಳೆದದ್ದು. ಕಂಕುಳದಿಂದ ಕೆಳ ಅಂಚಿನ ತನಕ, 42 ಇಂಚಿನ ಟಾಪಿಗೆ ಸುಮಾರು 34 ಇಂಚು ಉದ್ದ ಬೇಕಾಗ್ತೈತಿ. ಮ್ಯಾಲೆ 2 ಇಂಚು, ಹೊಟ್ಟಿ ಎದುರು 5, ಕೆಳಗ 7, ಎರಡೂ ಬದಿಗೆ ಅರ್ಧರ್ಧ ಇಂಚು ಹೊಲಿಗಿಗೆ ಬ್ಯಾರೆ. ಹಿಂಗ ಎರಡು ಕಲಿ, ಅಂದ್ರ ಕೆಳಗ ಅಗಲಾಗೋ ಪಟ್ಟಿ, ಬಗಲಿಗೊಂದು. ವೇಲ್ ತೆಳ್ಳಗಿದ್ರ ಎರಡು ಪದರ ಮಾಡ್ರಿ, ಒಂದ ಪದರ ಹಾಕಿದ್ರ ಟಾಪಿನ ಭಾರಕ್ಕ ಪಟ್ಟಿ ಜೋತು ಬೀಳ್ತೈತಿ. ವೇಲಿನ ಉದ್ದದ ಎಳಿ ಟಾಪಿನ ಉದ್ದಕ್ಕ ಬರಬೇಕು. ಅಡ್ಡಡ್ಡ ಕತ್ತರಿಸಿದ್ರ ಒಂದೆರಡು ಸಲ ಒಗೆಯೂದ್ರಾಗ ಅಂಚು ಏರುಪೇರಾಗ್ತೈತಿ. ಕಲಿಯ ಮ್ಯಾಲಿನ ತುದಿ ಅಲ್ಲೇ ನಿಲ್ಲಿಸದ ತೋಳಿನ ಕೆಳಹೊಲಿಗಿಯೊಳಗೂ 4 ಇಂಚು ಚೂಪಾಗಿ ಹೋಗ್ಲಿ, ಆಗ ಕಂಕುಳಕ್ಕ ಬ್ಯಾರೆ ಚೌಕ ತುಂಡು ಬೇಕಾಗಂಗಿಲ್ಲ. ಹೊಟ್ಟಿ ಸುತ್ತ 10 ಇಂಚು ಹೆಚ್ಚಾತು, ಕೊನೀ ತಿಂಗಳ ತನಕ ಅಡ್ಡಿಯಿಲ್ಲ. ಬಗಲ ಕಟ್ ಮುಚ್ಚಿ ಹೋಗತಾವ, ಅದೂ ಚಲೋನ. ಹೊಟ್ಟಿ ಬಂದ ಹೆಂಗಸರಿಗೆ ಕಟ್ ಇದ್ರ ಅಲ್ಲೇ ಬಾಯಿ ತಕ್ಕೊಂಡು ನಿಲ್ತೈತಿ.

ಮುಂದಿನ ಅಂಚಿನ ಉದ್ದಾನೂ ನೋಡ್ರಿ. ಹೊಟ್ಟಿ ಮುಂದ ಬಂದಷ್ಟೂ ಟಾಪ್ ಮುಂದ ಎರಡು ಮೂರು ಇಂಚು ಮ್ಯಾಲೇಳ್ತೈತಿ, ಹಿಂದ ಹಂಗ ಇರ್ತೈತಿ. ಕೆಳಗಿನ ಮಡಿಕಿ ಬಿಚ್ಚಿ, ಒಳಗ ಒಂದು ಪಟ್ಟಿ ಕೊಟ್ಟು ಪೂರಾ ಇಳಿಸಿದ್ರ ಒಂದು, ಒಂದೂವರೆ ಇಂಚು ಸಿಗ್ತೈತಿ. ಮುಂದಷ್ಟ ಇಳಿಸ್ರಿ, ಹಿಂದ ಬ್ಯಾಡ.

ರೇಯಾನ್ ಎರಡನ್ನೂ ಬಿಚ್ಚಾಕ ಹೋಗಬ್ಯಾಡ್ರಿ. ನೀರಿನ್ಯಾಗ ರೇಯಾನ್ ಎಳಿ ಸೋಲ್ತೈತಿ, ಅಂಚೂ ಇಲ್ಲ, ಹೊಲಿಗಿ ಪಕ್ಕ ಎಳಿ ಬಿಟ್ಟು ಜಾಳಿಗಿ ಆಗ್ತೈತಿ. ಮುಂದ ನಡುವ ಉದ್ದಕ ಕತ್ತರಿಸಿ, ಎರಡೂ ಕಡೆ ಒಂದೂಕಾಲು ಇಂಚಿನ ಒಳಪಟ್ಟಿ ಕೊಟ್ರ ಮ್ಯಾಲೆ ಹಾಕ್ಕೊಳ್ಳೋ ಉದ್ದನ್ನ ಕೋಟ್ ಆಗ್ತೈತಿ. ಒಳಗ ಟೀ ಶರ್ಟ್. ಹೊಟ್ಟಿ ಎಷ್ಟ ಬಂದ್ರೂ ಅದಕ್ಕ ಸಂಬಂಧ ಇಲ್ಲ.


ಹತ್ತಿಬೀಜ, ಶಿವಮೊಗ್ಗ

ಕತ್ತರಿಕೆಲಸದವರು ಹೇಳಿದ್ದಕ್ಕೆ ಮೊದಲು ಬರಬೇಕಾದ ಪ್ರಶ್ನೆ ಒಂದಿದೆ: ಈ ಬಟ್ಟೆ ಹೆರಿಗೆ ಆದ ಮೇಲೆ ಉಪಯೋಗಕ್ಕೆ ಬರುತ್ತಾ? ಬರೀ ಬಸುರಿಗೆ ಅಂತ ಒಂದೂ ಕೊಳ್ಳಬೇಡಿ, ಒಂದೂ ಹೊಲಿಸಬೇಡಿ.

ನಿಮ್ಮದೇ ಲೆಕ್ಕ ತಗೊಳ್ಳಿ. 20 ವಾರಕ್ಕೆ ಗರ್ಭಕೋಶದ ಮೇಲ್ತುದಿ ಹೊಕ್ಕುಳ ಮಟ್ಟಕ್ಕೆ ಬರುತ್ತೆ. ಅಂದ್ರೆ ಡಿಸೆಂಬರ್ ಮೊದಲ ವಾರದವರೆಗೆ ಈಗಿರೋ ಬಟ್ಟೆಯಲ್ಲೇ ಹೆಚ್ಚುಕಮ್ಮಿ ನಡೆಯುತ್ತೆ. ಅಲ್ಲಿಂದ ಮಾರ್ಚ್ ಕೊನೆಗೆ 16 ವಾರ, ಆಫೀಸಿನ ಬಟ್ಟೆ ದೊಡ್ಡದು ಬೇಕಾಗಿರೋದು ಅಷ್ಟೇ ದಿನ. ಆದ್ರೆ ಹಾಲುಣಿಸೋದು ಮೊದಲ ಆರು ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆ ಎರಡು ವರ್ಷದವರೆಗೂ ಇರಬಹುದು. ಮೊದಲೆರಡು ಮಕ್ಕಳಿಗೆ ಕಾನೂನು ಕೊಡೋ ರಜೆ 26 ವಾರ, ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ. ಮಾರ್ಚ್ ಕೊನೆಗೆ ರಜೆ ಶುರುವಾದ್ರೆ ಸೆಪ್ಟೆಂಬರ್ ಕೊನೆಗೆ ಮತ್ತೆ ಕೌಂಟರ್ ಮುಂದೆ ಕೂತಿರ್ತೀರಿ, ಆಗಲೂ ಹಾಲು ಹಿಂಡಿ ಇಡೋ ಕೆಲಸ ಇರುತ್ತೆ. ಹಾಗಾಗಿ ಈಗ ಬಿಚ್ಚಿಸೋ ಚೂಡಿದಾರಕ್ಕೇ ಹಾಲುಣಿಸೋ ಜಿಪ್ ಹಾಕಿಸಿಬಿಡಿ. ಎರಡು ಸಲ ಟೈಲರ್‌ಗೆ ದುಡ್ಡು ಕೊಡೋದು ತಪ್ಪುತ್ತೆ.

ಒಳಉಡುಪಿನ ವಿಷಯಕ್ಕೆ ಬರೋಣ. ದುಡ್ಡು ಸೋರಿಹೋಗೋದು ಇಲ್ಲೇ.

ಬ್ರಾ ಬಿಗಿಯಾದ ತಕ್ಷಣ ಹೊಸದು ಕೊಳ್ಳಬೇಡಿ. ಬಿಗಿ ಬೆನ್ನಿನ ಪಟ್ಟಿಯದ್ದೋ ಕಪ್ಪಿನದ್ದೋ ಅಂತ ಮೊದಲು ನೋಡಿ. ಪಟ್ಟಿ ಮಾತ್ರ ಒತ್ತುತ್ತಿದ್ರೆ ಹುಕ್ ಎಕ್ಸ್‌ಟೆಂಡರ್ (ಪಟ್ಟಿ ಉದ್ದ ಮಾಡೋ ಹುಕ್ಕಿನ ತುಂಡು) ಸಾಕು, ಫ್ಯಾನ್ಸಿ ಸ್ಟೋರಲ್ಲಿ ನೂರು ರೂಪಾಯಿ ಒಳಗೇ ಸಿಗುತ್ತೆ. ನಿಮ್ಮ ಬ್ರಾಗೆ ಎರಡು ಹುಕ್ಕೋ ಮೂರೋ ಎಣಿಸಿ, ಹುಕ್ಕಿಂದ ಹುಕ್ಕಿಗೆ ಎಷ್ಟು ಅಂತರ ಅಂತ ಅಳೆದುಕೊಂಡು ಹೋಗಿ. ಅಂತರ ಹೊಂದದೇ ಹೋದ್ರೆ ಹುಕ್ ಓರೆಯಾಗಿ ಕೂತು ಬೆನ್ನಿಗೆ ಚುಚ್ಚುತ್ತೆ. ಕಪ್ಪಿಂದ ಎದೆ ಹೊರಗೆ ಉಕ್ಕುತ್ತಿದ್ರೆ ಎಕ್ಸ್‌ಟೆಂಡರಿಂದ ಏನೂ ಆಗಲ್ಲ, ಆಗ ತಂತಿ ಇಲ್ಲದ ಕಾಟನ್ ಫೀಡಿಂಗ್ ಬ್ರಾ ಎರಡು ತಗೊಳ್ಳಿ. ಆರನೇ ತಿಂಗಳಲ್ಲಿ ಕೊಳ್ಳೋದಾದ್ರೆ ಒಳಗಿನ ಬಿಗಿ ಹುಕ್ಕಿಗೆ ಸರಿ ಕೂರೋದು ಆರಿಸಿ, ಎದೆಗೂಡು ಇನ್ನೂ ಅಗಲ ಆಗೋದಿದೆ. ಒಂಬತ್ತನೇ ತಿಂಗಳಲ್ಲಾದ್ರೆ ಇದಕ್ಕೆ ಉಲ್ಟಾ, ಹೊರಗಿನ ಸಡಿಲ ಹುಕ್ಕಿಗೆ ಕೂರಬೇಕು, ಯಾಕಂದ್ರೆ ಹೆರಿಗೆ ಆದ ಮೇಲೆ ಪಕ್ಕೆ ಇಳಿಯುತ್ತೆ. ಎರಡಕ್ಕಿಂತ ಹೆಚ್ಚು ಈಗಲೇ ಬೇಡ. ಹೆರಿಗೆಯಾಗಿ ಮೂರು ನಾಲ್ಕು ದಿನಕ್ಕೆ ಹಾಲು ತುಂಬಿದಾಗ ಕಪ್ ಅಳತೆ ಬೇರೆಯೇ ಆಗಿರುತ್ತೆ. ಮೂರನೇದನ್ನ ಆಗ ತರಿಸಿಕೊಳ್ಳಿ.

ಮೆಟರ್ನಿಟಿ ಪ್ಯಾಂಟಿ ಅನ್ನೋದು ಬೇಕಾಗಿಲ್ಲ. ಸಾಧಾರಣ ಲೋ ವೇಸ್ಟ್ ಕಾಟನ್ ಒಂದು ಸೈಜ್ ದೊಡ್ಡದು ತಗೊಂಡ್ರೆ ಹೊಟ್ಟೆ ಕೆಳಗೇ ಕೂರುತ್ತೆ. ಎಲಾಸ್ಟಿಕ್ ಸಡಿಲಾದ ಹಳೇವನ್ನ ಎಸೆಯಬೇಡಿ. ಹೆರಿಗೆ ಆದ ಮೇಲೆ ನಾಲ್ಕರಿಂದ ಆರು ವಾರ ಸ್ರಾವ ಇರುತ್ತೆ, ಕಲೆಯಾದರೂ ಬೇಜಾರಿಲ್ಲದ ದೊಗಳೆ ಬಟ್ಟೆ ಆಗ ಬೇಕು. ಸಿಸೇರಿಯನ್ ಆದ್ರೆ ಮಾತ್ರ ಲೋ ವೇಸ್ಟ್ ಉಪಯೋಗಕ್ಕಿಲ್ಲ, ಅದರ ಎಲಾಸ್ಟಿಕ್ ಸರಿಯಾಗಿ ಹೊಲಿಗೆ ಹಾಕಿದ ಜಾಗಕ್ಕೇ ಬರುತ್ತೆ. ಹೊಕ್ಕುಳ ಮೇಲೆ ಬರೋ ಎರಡು ಮೂರು ಇಟ್ಟುಕೊಂಡಿರಿ.

ಹೊಟ್ಟೆ ಬೆಲ್ಟ್ ಡಾಕ್ಟರ್ ಹೇಳಿದ್ರೆ ಮಾತ್ರ. ಸೇಲ್ ಇದೆ ಅಂತ ತಗೊಂಡು ಮೂಲೆಗೆ ಬೀಳೋ ವಸ್ತುಗಳಲ್ಲಿ ಅದು ಮೊದಲನೇದು.


ಪೀಕೋಫಾಲ್, ಮೈಸೂರು

ಲೆಗಿಂಗ್ಸ್ ಬಗ್ಗೆ ಯಾರೂ ಹೇಳಿಲ್ಲವಲ್ಲ.

ಮೂರರಲ್ಲಿ ಎರಡಕ್ಕೆ ಹೊಟ್ಟೆ ಪಟ್ಟಿ ಹಾಕಿಸಿ, ಒಂದನ್ನ ಹಾಗೇ ಬಿಡಿ, ಆಮೇಲೆ ಬೇಕಾಗುತ್ತೆ. ಬೇಕಾಗಿರೋದು ಹಳೇ ಟೀ ಶರ್ಟ್ ಒಂದು. ಅದರ ಲೇಬಲ್‌ನಲ್ಲಿ ಶೇ. 5ರಷ್ಟಾದರೂ ಲೈಕ್ರಾ ಅಥವಾ ಸ್ಪ್ಯಾಂಡೆಕ್ಸ್ ಅಂತ ಇರಬೇಕು. ಶುದ್ಧ ಕಾಟನ್ ಟೀ ಶರ್ಟ್ ಬೆಳಿಗ್ಗೆ ಸರಿ ಇರುತ್ತೆ, ಮಧ್ಯಾಹ್ನದ ಹೊತ್ತಿಗೆ ಹಿಗ್ಗಿ ವಾಪಸ್ ಬರಲ್ಲ, ಲೆಗಿಂಗ್ಸ್ ಜಾರುತ್ತೆ, ದಿನವಿಡೀ ಎಳೆದುಕೊಳ್ಳೋದೇ ಕೆಲಸ ಆಗುತ್ತೆ.

ಟೀ ಶರ್ಟ್ ಕೆಳಭಾಗದಿಂದ 10 ಇಂಚು ಎತ್ತರದ ಸುತ್ತನ್ನ ಹಾಗೇ ಕೊಳವೆ ಥರ ಕತ್ತರಿಸಿಕೊಳ್ಳಿ. ಪಕ್ಕದ ಹೊಲಿಗೆ ಬಿಚ್ಚೋದು ಬೇಡ. ಟೀ ಶರ್ಟಿನ ಕೆಳ ಅಂಚಿಗೆ ಮೊದಲೇ ಮಡಿಕೆ ಹೊಲಿಗೆ ಇರುತ್ತೆ, ಅದನ್ನ ಮೇಲಕ್ಕೆ ತಿರುಗಿಸಿದ್ರೆ ಪಟ್ಟಿಯ ಮೇಲಂಚು ಆಯ್ತು. ಸುತ್ತಳತೆ ಹೊಟ್ಟೆಯ ಅಳತೆಗಿಂತ ಏಳನೇ ಒಂದು ಭಾಗ ಕಮ್ಮಿ ಇರಲಿ: ಹೊಟ್ಟೆ 40 ಇಂಚಿದ್ರೆ ಪಟ್ಟಿ 34 ಇಂಚು. ಲೆಗಿಂಗ್ಸಿನ ಎಲಾಸ್ಟಿಕ್ ಕತ್ತರಿಸಿ ತೆಗೀರಿ. ಹಿಂದೆ ನೇರ ಇರಲಿ, ಮುಂದೆ ನಡುಭಾಗದಲ್ಲಿ 3 ಇಂಚು ಕೆಳಗಿಳಿದು ಬಟ್ಟಲಿನ ಹಾಗೆ ಕಮಾನು ಬರಲಿ. ಎರಡರ ಸುತ್ತನ್ನೂ ನಾಲ್ಕು ಭಾಗ ಮಾಡಿ ಗುರುತಿಟ್ಟು, ಗುರುತಿಗೆ ಗುರುತು ಪಿನ್ ಮಾಡಿ, ಚಿಕ್ಕದಾಗಿರೋದನ್ನ ಮಾತ್ರ ಎಳೆದು ಸಮ ಮಾಡಿಕೊಂಡು ಹೊಲೀರಿ. ಎರಡನ್ನೂ ಎಳೆದ್ರೆ ಹೊಲಿಗೆ ಅಲೆಅಲೆಯಾಗಿ ಕೂರುತ್ತೆ, ಇಸ್ತ್ರಿಗೂ ಜಗ್ಗಲ್ಲ.

ಮನೇಲಿರೋ ಕರಿ ತುಳಿಯೋ ಮಷೀನಲ್ಲಿ ಇದನ್ನ ಹೊಲಿಯಬೇಡಿ. ನೇರ ಹೊಲಿಗೆ ಹಿಗ್ಗಲ್ಲ, ಮೊದಲ ಸಲ ಕೂತಾಗಲೇ ಪಟಪಟ ಹರಿಯುತ್ತೆ. ಝಿಗ್‌ಝಾಗ್ ಹೊಲಿಗೆ ಬೇಕು. ಅದಕ್ಕೆ ಹೊಸ ಮಷೀನ್ ಬೇಕಾಗಿಲ್ಲ, ಸೀರೆಗೆ ಪೀಕೋ ಮಾಡೋ ಅಂಗಡಿಯಲ್ಲಿರೋದು ಝಿಗ್‌ಝಾಗ್ ಮಷೀನೇ. ಪಿನ್ ಮಾಡಿಕೊಂಡು ಹೋಗಿ ಕೊಟ್ರೆ ಹತ್ತು ನಿಮಿಷದ ಕೆಲಸ. ಹೊಸೈರಿ ಬಟ್ಟೆಗೆ ಹಾಕೋ ಗುಂಡು ತುದಿಯ ಸೂಜಿ ಇದೆಯಾ ಅಂತ ಕೇಳಿ. ಚೂಪು ಸೂಜಿ ಬನಿಯನ್ ಬಟ್ಟೆಯ ಎಳೆ ಕತ್ತರಿಸುತ್ತೆ, ಮಧ್ಯ ಮಧ್ಯ ಹೊಲಿಗೆ ಬಿಡುತ್ತೆ. ದಾರ ಪಾಲಿಯೆಸ್ಟರ್ ಇರಲಿ.

ಜೀನ್ಸಿಗೆ ಖರ್ಚೇ ಬೇಡ. ಕೂದಲಿಗೆ ಹಾಕೋ ಬಟ್ಟೆ ಸುತ್ತಿದ ರಬ್ಬರ್ ಬ್ಯಾಂಡನ್ನ ಕಾಜದೊಳಗೆ ತೂರಿಸಿ, ಅದರದ್ದೇ ಕುಣಿಕೆಯಲ್ಲಿ ಎಳೆದು ಬಿಗಿದು, ಇನ್ನೊಂದು ತುದಿ ಗುಂಡಿಗೆ ಹಾಕಿದ್ರೆ ಆಯ್ತು. ಮೇಲೆ ಉದ್ದನೇ ಟಾಪ್ ಇರಲೇಬೇಕು. ಐದನೇ ತಿಂಗಳು ದಾಟೋವರೆಗೆ ನಡೆಯುತ್ತೆ. ಆಮೇಲೆ ಜಿಪ್ ತಾನಾಗೇ ಇಳಿಯೋಕೆ ಶುರು ಮಾಡುತ್ತೆ, ಆಗ ಮಡಿಸಿ ಒಳಗಿಡಿ.


ನೀಲಿಶಂಖ

ಎಲ್ಲರಿಗೂ ಧನ್ಯವಾದ. ಉಲ್ಟಾ ಮಾಡಿ ನೋಡಿದೆ. ಎರಡು ಚೂಡಿದಾರದಲ್ಲಿ ಒಂದೂಕಾಲು ಇಂಚು ಅಂಚಿದೆ, ಮೂರನೇದರಲ್ಲಿ ಅರ್ಧ ಇಂಚೂ ಇಲ್ಲ, ಪುಣ್ಯಕ್ಕೆ ಅದಕ್ಕೆ ವೇಲ್ ಇದೆ.

ಜಿಪ್ ಅಂದ್ರೆ ಎಲ್ಲಿ, ಎಷ್ಟುದ್ದ? ಹೊರಗೆ ಕಾಣಿಸೋ ಹಾಗಿದ್ರೆ ಆಫೀಸಿಗೆ ಮುಜುಗರ. ಆಮೇಲೆ ಸೀರೆ ಉಡೋಣ ಅಂದ್ರೆ ಲಂಗದ ಲಾಡಿ ಸಂಜೆಗೆ ಬಾಸುಂಡೆ ಎಬ್ಬಿಸುತ್ತೆ. ಅದಕ್ಕೇನಾದ್ರೂ ದಾರಿ ಇದೆಯಾ?


ಅಂಚುಸೆರಗು, ಧಾರವಾಡ

ಲಂಗದ ಲಾಡಿ ತೆಗೆದುಬಿಡಿ, ಎಲಾಸ್ಟಿಕ್ ಹಾಕಿ. ಆದರೆ ಅಂಗಡಿಯವರು ಕೊಡುವ ಮಾಮೂಲಿ ಅರ್ಧ ಇಂಚಿನದ್ದಲ್ಲ, ಅದು ಲಾಡಿಗಿಂತ ಕೆಟ್ಟದಾಗಿ ಕೊರೆಯುತ್ತೆ. ಮಕ್ಕಳ ಪ್ಯಾಂಟಿನ ಸೊಂಟದೊಳಗೆ ಇರುತ್ತದಲ್ಲ, ಉದ್ದಕ್ಕೂ ಕಾಜ ಇರುವ ಎಲಾಸ್ಟಿಕ್, ಅದನ್ನ ಒಂದಿಂಚು ಅಗಲದ್ದು ಕೇಳಿ ತನ್ನಿ. ಲಂಗದ ಎರಡೂ ತುದಿಯಲ್ಲಿ ಒಳಗಡೆ ಒಂದೊಂದು ಗುಂಡಿ ಹಚ್ಚಿದರೆ ಹದಿನೈದು ದಿನಕ್ಕೊಮ್ಮೆ ಒಂದು ಕಾಜ ಸಡಿಲ ಮಾಡಿಕೊಳ್ಳುತ್ತಾ ಹೋಗಬಹುದು. ಹೆರಿಗೆ ಆದ ಮೇಲೆ ಅದೇ ಎಲಾಸ್ಟಿಕ್‌ನಲ್ಲಿ ಹಿಂದಕ್ಕೆ ಬಿಗಿ ಮಾಡುತ್ತಾ ಬನ್ನಿ. ಲಾಡಿ ಕೂರುವ ಮಡಿಕೆ ಮುಕ್ಕಾಲು ಇಂಚು ಇರುತ್ತದೆ, ಅದನ್ನ ಬಿಚ್ಚಿ ಒಂದೂಕಾಲು ಇಂಚು ಮಾಡಿ ಹೊಲಿಯಬೇಕು. ಇಲ್ಲದಿದ್ದರೆ ಎಲಾಸ್ಟಿಕ್ ಒಳಗೆ ಮಡಚಿಕೊಂಡು ಹಗ್ಗದಂತಾಗುತ್ತೆ. ಹಿಂದೆ ನಡುವೆ ಒಂದು ನೇರ ಹೊಲಿಗೆ ಹಾಕಿದರೆ ತಿರುಚಿಕೊಳ್ಳುವುದಿಲ್ಲ. ಉದ್ದ ಹೊಟ್ಟೆ ಕೆಳಗಿನ ಸುತ್ತಳತೆಗಿಂತ ಎರಡು ಮೂರು ಇಂಚು ಕಡಿಮೆ.

ಇದು ಕಾಟನ್, ಸಿಂಥೆಟಿಕ್ ಸೀರೆಗೆ. ರೇಷ್ಮೆ ಸೀರೆಯ ಭಾರಕ್ಕೆ ಬರೀ ಎಲಾಸ್ಟಿಕ್ ನಿಲ್ಲುವುದಿಲ್ಲ, ನೆರಿಗೆ ಸಮೇತ ಇಳಿಯುತ್ತೆ. ಸೀಮಂತದ ದಿನದ ಲಂಗಕ್ಕೆ ಹಿಂದೆ ಎಲಾಸ್ಟಿಕ್, ಮುಂದೆ ಎರಡು ಬದಿಯಿಂದ ಅಗಲ ಬಟ್ಟೆಯ ಲಾಡಿ ಇರಲಿ. ಗಂಟು ನಡು ಹೊಟ್ಟೆಗಲ್ಲ, ಪಕ್ಕಕ್ಕೆ. ನೆರಿಗೆ ಎರಡು ಕಡಿಮೆ ಹಿಡಿದು ಅಗಲ ಬಿಡಿ, ಮುಂದೆ ಒಂದು ಇಂಚು ಇಳಿಸಿ ಉಡಿ.

ಬ್ಲೌಸ್ ಅಳತೆಯನ್ನ ಸೀಮಂತಕ್ಕೆ ಮೂರು ವಾರ ಇರುವಾಗ ಕೊಡಿ, ಅದಕ್ಕೂ ಮುಂಚೆ ಕೊಟ್ಟರೆ ಅಷ್ಟರಲ್ಲಿ ಅಳತೆ ಬದಲಾಗಿರುತ್ತೆ. ಟೈಲರ್‌ಗೆ ಹೇಳಬೇಕಾದ್ದು ಮೂರು ಮಾತು. ಬಗಲಿಗೆ ಎರಡು ಇಂಚು ಅಂಚು ಬಿಡಬೇಕು. ಬಗಲ ಹೊಲಿಗೆ ಅರ್ಧರ್ಧ ಇಂಚಿಗೆ ಮೂರು ಸಾಲು ಇರಬೇಕು, ಬಿಗಿಯಾದ ಹಾಗೆ ಒಳಗಿನ ಸಾಲು ಒಂದೊಂದೇ ಕಿತ್ತರಾಯ್ತು. ಹುಕ್ ಮುಂದೆಯೇ ಬರಬೇಕು. ಬೆನ್ನಿಗೆ ಹುಕ್ ಇಟ್ಟು ಚಂದ ಹೊಲಿಸಿದರೆ ಬಾಣಂತಿಗೆ ಅದು ಉಪಯೋಗಕ್ಕೆ ಬಾರದು. ಅಸ್ತರು ಹಾಕುವುದಾದರೆ ಅದಕ್ಕೂ ಅಷ್ಟೇ ಅಂಚು ಬಿಡಿಸಿ. ಮೇಲಿನ ಬಟ್ಟೆಗೆ ಎರಡಿಂಚು ಬಿಟ್ಟು ಅಸ್ತರಿಗೆ ಅರ್ಧ ಇಂಚು ಬಿಟ್ಟಿರುತ್ತಾರೆ, ಆಮೇಲೆ ಬಿಚ್ಚುವ ಹಾಗೇ ಇಲ್ಲ. ಇರುವ ಹಳೇ ಬ್ಲೌಸ್‌ಗಳನ್ನೂ ಒಮ್ಮೆ ಒಳಗೆ ನೋಡಿ, ಸಾಲು ಕಿತ್ತರೆ ಎರಡು ಇಂಚು ಅಲ್ಲೇ ಸಿಗಬಹುದು.

ಒಂದು ಮಾತು, ದುಡ್ಡಿನ ಲೆಕ್ಕಕ್ಕೇ ಸೇರಿದ್ದು. ಸೀಮಂತಕ್ಕೆ ನಮ್ಮ ಕಡೆ ಕುಬಸ ಅನ್ನುತ್ತೇವೆ, ಹಸಿರು ಸೀರೆ, ಹಸಿರು ಬಳೆ, ಕುಬಸದ ಬಟ್ಟೆ. ಬಂದವರೆಲ್ಲ ಮಡಿಲಿಗೆ ಬ್ಲೌಸ್ ಪೀಸ್ ಹಾಕುತ್ತಾರೆ, ಇಪ್ಪತ್ತು ಮೂವತ್ತು ಸೇರುತ್ತವೆ, ಮುಂದಿನವರ ಮಡಿಲಿಗೆ ದಾಟುತ್ತವೆ. ಏನು ಕೊಡಲಿ ಅಂತ ಕೇಳುವ ಹತ್ತಿರದವರು, ಅತ್ತಿಗೆ, ಚಿಕ್ಕಮ್ಮ, ಗೆಳತಿಯರಿಗೆ ಸಂಕೋಚಪಡದೆ ಫೀಡಿಂಗ್ ನೈಟಿ ಅಂತ ಹೇಳಿ, ಸೈಜೂ ಹೇಳಿ. ಶಾಸ್ತ್ರಕ್ಕೆ ಒಂದು ಹಸಿರು ಸೀರೆ ಸಾಕು.


ಕತ್ತರಿಕೆಲಸ, ಹುಬ್ಬಳ್ಳಿ

ಜಿಪ್ ಮಾತು ಕೇಳಿದ್ರೆಲ್ಲ ಅಕ್ಕಾರ. ಟಾಪಿಗೆ ಎದಿ ಮ್ಯಾಲೆ ಮ್ಯಾಲಿಂದ ಕೆಳಗ ಬರೋ ಉದ್ದ ಹೊಲಿಗಿ ಇದ್ರ ಜಿಪ್ ಆ ಹೊಲಿಗಿಯೊಳಗ ಹೋಗ್ಲಿ. ಕನ್ಸೀಲ್ಡ್ ಜಿಪ್ ಅಂತ ಕೇಳ್ರಿ, ಹಲ್ಲು ಹೊರಗ ಕಾಣಂಗಿಲ್ಲ. ಎರಡು ಬೇಕು, ಒಂದೊಂದು 8 ಇಂಚಿಂದು. ಡಾಟ್ ಪಾಯಿಂಟ್ (ಎದಿಯ ತುದಿ ಬರೋ ಜಾಗ) ಜಿಪ್ಪಿನ ನಡುಭಾಗಕ್ಕಿಂತ ಚೂರು ಕೆಳಗ ಬರಬೇಕು. ಜಿಪ್ ಭಾಳ ಮ್ಯಾಲೆ ಕೂತ್ರ ಕೂಸಿನ ಬಾಯಿಗೆ ಎದಿ ಎಳೆದು ತರಬೇಕಾಗ್ತೈತಿ. 6 ಇಂಚಿನ ಜಿಪ್ ಅಗ್ಗ ಅಂತ ಹಾಕಿಸಿದ್ರ ತೆರವು ಸಾಲಂಗಿಲ್ಲ. ಸ್ಟೀಲ್ ಜಿಪ್ ಬ್ಯಾಡ, ಕೂಸಿನ ಗಲ್ಲಕ್ಕ ಗೀರ್ತೈತಿ.

ನಿಮ್ಮ ಟಾಪಿನ್ಯಾಗ ಅಂಥಾ ಹೊಲಿಗಿ ಇಲ್ಲಂದ್ರ ಸಾದಾ ಬಟ್ಟಿ ನಡುವ ಸೀಳಿ ಜಿಪ್ ಕೂಡಿಸಬೇಕಾಗ್ತೈತಿ. ತೆಳು ಕಾಟನ್ ಅಲ್ಲಿ ಸುಕ್ಕು ಬಿದ್ದು ಹಾವು ಹರಿದಂಗ ಕಾಣ್ತೈತಿ. ಸೀಳೂಕಿಂತ ಮೊದ್ಲು ಒಳಗ ಒಂದಿಂಚಿನ ಪೇಸ್ಟಿಂಗ್ ಪಟ್ಟಿ (ಬಿಸಿಗೆ ಅಂಟೋ ಗಟ್ಟಿ ಬಟ್ಟಿ) ಇಸ್ತ್ರಿ ಮಾಡಿಸ್ರಿ, ಆಮ್ಯಾಲೆ ಹೊರಗ ಒಂದು ಪೈಪಿಂಗ್ ಅಥವಾ ಲೇಸ್ ಹರಿಸಿದ್ರ ಡಿಸೈನ್ ಅನಸ್ತೈತಿ.

ಹೊಸದಾಗಿ ಒಂದ ಒಂದು ಹೊಲಿಸೋದಾದ್ರ 44 ಇಂಚು ಪನ್ನಾದ ಕಾಟನ್ 3 ಮೀಟರ್ ತಗೋರಿ. ಮೊದ್ಲು ಒಂದು ರಾತ್ರಿ ನೀರಾಗ ನೆನಸಿ ಒಣಗಸ್ರಿ, ಕಾಟನ್ ಶೇ. 3ರಿಂದ 5 ಕುಗ್ಗತೈತಿ. ನೈಲಾನ್ ಜಿಪ್ ಕುಗ್ಗಂಗಿಲ್ಲ. ನೆನಸದ ಹೊಲಿದ್ರ ಮೊದಲ ಒಗತಕ್ಕ ಬಟ್ಟಿ ಗಿಡ್ಡಾಗಿ ಜಿಪ್ ಉಬ್ಬಿ ನಿಲ್ತೈತಿ. ಎದಿ ಕೆಳಗಿನ ತನಕ ಯೋಕ್ (ಮ್ಯಾಲಿನ ಭಾಗದ ಬ್ಯಾರೆ ತುಂಡು), ಅಲ್ಲಿಂದ ನೆರಿಗಿ. ಮುಂದಿನ ಬಟ್ಟಿ ಯೋಕಿನ ಒಂದೂವರೆ ಪಟ್ಟು ಅಗಲ ಇರ್ಲಿ. ಯೋಕ್ ಈಗಿನ ಅಳತಿಗಿಂತ ಮುಕ್ಕಾಲು ಇಂಚು ಕೆಳಗ ಇಡಸ್ರಿ, ಎದಿ ಇನ್ನೂ ತುಂಬೋದೈತಿ, ಇಲ್ಲಾಂದ್ರ ಹೊಲಿಗಿ ಎದಿ ನಡುವ ಏರಿ ಕುಂದರ್ತೈತಿ. ಇದರಾಗ ಜಿಪ್ಪು ಯೋಕಿನ ಹೊಲಿಗಿಯೊಳಗ ಅಡ್ಡ ಹೋಗ್ತೈತಿ, ನೆರಿಗಿ ಮುಚ್ಚಿಕೊಳ್ತೈತಿ, ಯಾರಿಗೂ ಗೊತ್ತಾಗಂಗಿಲ್ಲ. ಎರಡೂ ಬಗಲಿಗೆ 24 ಇಂಚಿನ ದಾರಪಟ್ಟಿ ಇಡಸ್ರಿ. ಈಗ ಸಡಿಲ ಬಿಡೋದು, ಸೆಪ್ಟೆಂಬರ್‌ದಾಗ ಬೆನ್ನಿಗೆ ಬಿಗಿದು ಕಟ್ಟೋದು.

ಹಳೇ ಸೀರಿಂದ ನೈಟಿ ಹೊಲಸ್ರಿ. ಐದೂವರೆ ಮೀಟರ್, 45 ಇಂಚು ಅಗಲದ ಸೀರಿಯೊಳಗ 50 ಇಂಚು ಉದ್ದದ ನೈಟಿ ಎರಡು ಕೂಡ್ತಾವ, ಮಗ್ಗಲಿಗೆ ಉಳಿದ ಪಟ್ಟಿಯೊಳಗ ತೋಳು. 54 ಇಂಚಿಂದು ಬೇಕಂದ್ರ ಎರಡು ಆಗಂಗಿಲ್ಲ, ಮೊದಲ ಹೇಳ್ರಿ. ಕತ್ತರಿ ಹಾಕೂಕಿಂತ ಮೊದ್ಲು ಸೀರಿ ಬೆಳಕಿಗೆ ಹಿಡೀರಿ. ಫಾಲ್ ಇದ್ದ ಕಡೆ, ನೆರಿಗಿ ಮಡಿಕಿ ಬಿದ್ದ ಕಡೆ ಬಟ್ಟಿ ಜಾಳಾಗಿರ್ತೈತಿ. ಎರಡೂ ಕೈಲೆ ಅಡ್ಡ ಜಗ್ಗಿ ನೋಡ್ರಿ, ಪರ್ ಅಂದ್ರ ಆ ಭಾಗ ನೈಟಿಗೆ ಬ್ಯಾಡ. ಅದನ್ನ ಕೂಸಿನ ಲಂಗೋಟಿಗೆ ಇಡ್ರಿ.


ಹತ್ತಿಬೀಜ, ಶಿವಮೊಗ್ಗ

ನಾಲ್ಕೂ ಸೀರೆ ನೈಟಿಗೆ ಕೊಟ್ಟುಬಿಡಬೇಡಿ, ಎರಡು ಸಾಕು, ನಾಲ್ಕು ನೈಟಿ ಆಗುತ್ತೆ. ಹುಟ್ಟಿದ ಮಗುವಿಗೆ ಮೊದಲು ಹಳೇ ಬಟ್ಟೆಯೇ ಅಲ್ವಾ, ಸುತ್ತೋಕೆ, ಹಾಸೋಕೆ, ತೊಟ್ಟಿಲಿಗೆ ಎರಡು ಮೆತ್ತನೆ ಸೀರೆ ಬೇಕೇ ಬೇಕು.

ನೈಟಿ ಉಡುಗೊರೆ ಬಂದ್ರೂ ಸ್ಯಾಟಿನ್, ನೈಲಾನ್ ಬೇಡ ಅಂತ ಹೇಳಿ. ಮೇ ತಿಂಗಳ ಸೆಕೆ ಒಂದು ಕಾರಣ. ಬಾಣಂತಿ ನೀರು ಆದ ಮೇಲೆ ಕೆಂಡ ಇಟ್ಟು ಸಾಂಬ್ರಾಣಿ ಹೊಗೆ ಹಾಕೋ ಮನೆಯಾದ್ರೆ ಅದು ಇನ್ನೂ ದೊಡ್ಡ ಕಾರಣ, ಸಿಂಥೆಟಿಕ್ ಬಟ್ಟೆಗೆ ಕಿಡಿ ಬಿದ್ರೆ ಕರಗಿ ಮೈಗೆ ಅಂಟುತ್ತೆ. ಎಣ್ಣೆ ಹಚ್ಚೋ ಹೊತ್ತಿಗೆ ಹೊಸ ಫೀಡಿಂಗ್ ಬ್ರಾ ಹಾಕಬೇಡಿ. ಎಣ್ಣೆ ಕುಡಿದ ಎಲಾಸ್ಟಿಕ್‌ನ ರಬ್ಬರ್ ಬೇಗ ಸತ್ತು ಹೋಗುತ್ತೆ, ಮುನ್ನೂರು ರೂಪಾಯಿ ಬ್ರಾ ಎರಡೇ ತಿಂಗಳಿಗೆ ಜೋತು ಬೀಳುತ್ತೆ. ಎಣ್ಣೆ ಮತ್ತು ಹಾಲಿನ ಕಲೆಗೆ ನೈಟಿಯನ್ನ ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಒಗೆದ್ರೆ ಸಾಕು. ಮಗುವಿನ ಬಟ್ಟೆಗೆ ಮಾತ್ರ ಸೋಡಾ ಬೇಡ.

ಅಕ್ಕನದ್ದೋ ನಾದಿನಿಯದ್ದೋ ಬಸುರಿ ಬಟ್ಟೆ ಸಿಕ್ಕಿದ್ರೆ ಖುಷಿಯಾಗಿ ತಗೊಳ್ಳಿ, ಆದ್ರೆ ಅವರಿಗೆ ಎಷ್ಟನೇ ತಿಂಗಳು ಯಾವ ಕಾಲಕ್ಕೆ ಬಂದಿತ್ತು ಅಂತ ನೋಡಿ. ಮಳೆಗಾಲದ ಬಸುರಿಯ ದಪ್ಪ ತುಂಬುತೋಳಿನ ಕುರ್ತಾ ದಾವಣಗೆರೆಯ ಮಾರ್ಚಿಗೆ ಆಗಲ್ಲ.


ನೀಲಿಶಂಖ

ಹಾಗಾದ್ರೆ ಹೀಗೆ ಮಾಡ್ತೀನಿ: ಎರಡು ಚೂಡಿದಾರ ಬಿಚ್ಚಿಸಿ, ಮೂರನೇದಕ್ಕೆ ವೇಲಿನ ಕಲಿ, ಮೂರಕ್ಕೂ ಜಿಪ್. ಹೊಸ ಯೋಕ್ ಕುರ್ತಾ ಒಂದು. ಲೆಗಿಂಗ್ಸ್ ಎರಡಕ್ಕೆ ಪಟ್ಟಿ, ಎರಡು ಫೀಡಿಂಗ್ ಬ್ರಾ, ನಾಲ್ಕು ನೈಟಿ ಹೊಲಿಗೆ, ಲಂಗಕ್ಕೆ ಎಲಾಸ್ಟಿಕ್. ಇಲ್ಲಿನ ಹೊಲಿಗೆ ರೇಟಲ್ಲಿ ಲೆಕ್ಕ ಹಾಕಿದ್ರೆ ಸೀಮಂತದ ಬ್ಲೌಸೂ ಸೇರಿ 4,000 ಒಳಗೇ ಬರ್ತಿದೆ. ಇದನ್ನೆಲ್ಲ ಈ ವಾರವೇ ಟೈಲರ್‌ಗೆ ಕೊಟ್ಟುಬಿಡಲಾ?


ಕತ್ತರಿಕೆಲಸ, ಹುಬ್ಬಳ್ಳಿ

ಈ ವಾರ ಬ್ಯಾಡ್ರಿ. ನೈಟಿ ಕೊಡ್ರಿ, ಅದಕ್ಕ ಅಳತಿಯ ಕಾಟ ಇಲ್ಲ. ಚೂಡಿ ಈಗ ಬಿಚ್ಚಿಸಿದ್ರ ಒಂದೂವರೆ ತಿಂಗಳು ದೊಗಳಿ ಹಾಕ್ಕೊಂಡು ತಿರಗಬೇಕಾಗ್ತೈತಿ, ಮ್ಯಾಲೆ ಎಷ್ಟು ಬಿಚ್ಚಬೇಕಂತ ಈಗ ಯಾರಿಗೂ ಹೇಳಾಕ ಬರಂಗಿಲ್ಲ. ಹೊಟ್ಟಿಗೆ ದಿಂಬು ಕಟ್ಟಿ ಅಳತಿ ಕೊಡೋರು ಅದಾರ, ಅದು ಕೂಡೋ ಜಾಗ ಒಂದು, ಹೊಟ್ಟಿ ಬರೋ ಜಾಗ ಇನ್ನೊಂದು. ಯೋಕ್ ಕುರ್ತಾದ ಬಟ್ಟಿ ಈಗ ತಂದು ನೆನಸಿ ಇಡ್ರಿ.

ಚೂಡಿ, ಕುರ್ತಾ ಡಿಸೆಂಬರ್ 15ರ ಆಜೂಬಾಜು ಒಯ್ಯರಿ. ಧನುರ್ಮಾಸ ಹಿಡಿದಿರ್ತೈತಿ, ಲಗ್ನ ಇರಂಗಿಲ್ಲ, ಟೈಲರ್ ಕೈ ಖಾಲಿ ಇರ್ತೈತಿ, ನಿಂತು ಅಳತಿ ತಗೊಂಡು ಮೂರ ದಿನಕ್ಕ ಕೊಡ್ತಾನ. ಸಂಕ್ರಾಂತಿ ದಾಟಿತು ಅಂದ್ರ ಲಗ್ನದ ಬ್ಲೌಸ್ ರಾಶಿ ಬೀಳತಾವ, ನಿಮ್ಮ ಬಗಲ ಬಿಚ್ಚೋ ಕೆಲಸ ಮೂಲಿಗೆ ಹೋಗ್ತೈತಿ. ಅಳತಿ ಮೂರು ವಾರ ಇದ್ದಾಗ ಕೊಟ್ರೂ ಸೀಮಂತದ ಬ್ಲೌಸಿನ ತಾರೀಖು ಡಿಸೆಂಬರ್‌ದಾಗ ಅವರ ಡೈರಿಯೊಳಗ ಬರೆಸಿ ಬರ್ರಿ.